ಭೂಮಿ ಹುಣ್ಣಿಮೆಯ ದಿನ ಮನೆ ಕಾದವಳು

ಹುಚ್ಚೆಳ್ಳು ಹುರಿಯುವ ವಾಸನೆ ನಿಮಗೆ ಗೊತ್ತಿರಬೇಕು. ಬಾಣಲೆಯಲ್ಲಿ ಚಟಪಟ ಸಿಡಿಯಲು ಶುರುವಾದಾಗ ಮೊದಲು ಒಂದು ಹಸಿ ಘಾಟು, ಆಮೇಲೆ ಎಣ್ಣೆಯ ಕಂಪು, ಇನ್ನೇನು ಸೀದುಹೋಯಿತು ಅನ್ನುವಷ್ಟರಲ್ಲಿ ಇಳಿಸಿದರೆ ಮನೆಯ ಮೂಲೆಮೂಲೆಗೂ ಹರಡುವ ಘಮ. ಮೊನ್ನೆ ಬೀರೂರಿನ ನಮ್ಮ ಮನೆಯಲ್ಲಿ ಚಟ್ನಿಪುಡಿಗೆಂದು ಹುರಿಯುತ್ತಿದ್ದೆ. ದಸರೆ ಮುಗಿದು, ಮಳೆ ಹಿಂದೆ ಸರಿದು, ಬಿಸಿಲು ಹದವಾಗಿದ್ದ ಬೆಳಗು. ಪಕ್ಕದ ಮನೆಯವರು ಗೋಡೆಯಾಚೆಯಿಂದಲೇ, ‘ಏನ್ರೀ, ಸೀಗೆ ಹುಣ್ಣಿಮೆ ಅಡುಗೆ ಈಗ್ಲೇ ಶುರು ಮಾಡ್ಬಿಟ್ರಾ? ಏನ್ ಚೆಂದ ಇತ್ತು ಕಣ್ರೀ ಆ ಕಾಲ, ಹೊಲದಾಗೆ ಕೂತು ಉಣ್ಣೋದು!’ ಎಂದರು. ಹೌದು ಎಂದೆ. ಚೆಂದವೇ ಇತ್ತು, ಅದನ್ನು ನಾನು ಯಾರ ಮುಂದೆಯೂ ಅಲ್ಲಗಳೆಯುವುದಿಲ್ಲ. ಆದರೆ ಹೌದು ಎಂದ ಬೆನ್ನಿಗೇ ನನಗೆ ಸಿಟ್ಟು ನೆತ್ತಿಗೇರಿತು. ಬಾಣಲೆ ಇಳಿಸುವುದನ್ನೂ ಮರೆತು ನಿಂತೆ. ಅಷ್ಟೂ ಹುಚ್ಚೆಳ್ಳು ಕರಕಲಾಗಿ ಹೋಯಿತು.

ನಮ್ಮ ತೌರುಮನೆ ಶಿವನಿಯ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಈಗ ಆ ಮನೆ ಇಲ್ಲ, ಅದರ ಜಾಗದಲ್ಲಿ ನನ್ನ ತಮ್ಮ ಕಟ್ಟಿಸಿದ ಸಿಮೆಂಟಿನ ಮನೆಯಿದೆ. ಹೊಲ ಮಾತ್ರ ಅಲ್ಲೇ ಇದೆ, ರೈಲು ಹಳಿಯ ಪಕ್ಕದಲ್ಲಿ. ದಸರೆಯಾದ ಮೇಲೆ ಬರುವ ಹುಣ್ಣಿಮೆಯನ್ನು ನಮ್ಮಲ್ಲಿ ಸೀಗೆ ಹುಣ್ಣಿಮೆ ಅಂತಲೂ ಭೂಮಿ ಹುಣ್ಣಿಮೆ ಅಂತಲೂ ಕರೆಯುತ್ತಾರೆ. ರಾಗಿ ತೆನೆ ಹಾಲು ತುಂಬುವ ಹೊತ್ತು ಅದು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಉಣ್ಣಿಸಬೇಕು. ಅದಕ್ಕೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು. ಗಾಡಿಯಲ್ಲಿ ಹುಲ್ಲು ಹರಡಿ, ಅದರ ಮೇಲೆ ಕಂಬಳಿ ಹಾಸಿ, ಮಕ್ಕಳೆಲ್ಲ ಒಬ್ಬರ ಕಾಲ ಮೇಲೊಬ್ಬರು ಕೂತು ಕಿರುಚುತ್ತಾ ಹೋಗುತ್ತಿದ್ದೆವು. ದಾರಿಯ ಎರಡೂ ಬದಿಗೆ ರಾಗಿಯ ನಡುನಡುವೆ ಹುಚ್ಚೆಳ್ಳಿನ ಸಾಲುಗಳು ಹಳದಿ ಹೂ ತುಂಬಿಕೊಂಡು ನಿಂತಿರುತ್ತಿದ್ದವು. ಜೇನು ಗುಂಯ್ಗುಡುತ್ತಿತ್ತು. ಅವರೆ ಹೂವಿನ ವಾಸನೆ, ಒದ್ದೆ ಮಣ್ಣು ಒಣಗುವ ವಾಸನೆ, ಯಾರದೋ ಹೊಲದಲ್ಲಿ ಕಿತ್ತು ಹರಡಿದ ಈರುಳ್ಳಿಯ ವಾಸನೆ, ಎಲ್ಲ ಒಟ್ಟಿಗೆ ಮೂಗಿಗೆ ಬರುತ್ತಿದ್ದವು. ಪಡುವಲಿಗೆ ಕೆಮ್ಮಣ್ಣುಗುಂಡಿ ಕಡೆಯ ಬೆಟ್ಟಗಳು ತಿಂಗಳುಗಟ್ಟಲೆ ಮೋಡದಲ್ಲಿ ಮುಳುಗಿದ್ದು, ಆ ಹೊತ್ತಿಗೆ ನೀಲಿಯಾಗಿ ಎದ್ದು ಕಾಣುತ್ತಿದ್ದವು. ಬೀರೂರಿನಿಂದ ಬರುವ ರೈಲು ಹೊಲದ ಪಕ್ಕ ಹಾದುಹೋಗುವಾಗ ನಾವು ಕೈಬೀಸುತ್ತಿದ್ದೆವು, ಕಿಟಕಿಯಲ್ಲಿ ಕೂತ ಗುರುತಿಲ್ಲದ ಜನರೂ ಕೈಬೀಸುತ್ತಿದ್ದರು.

ಹೊಲದ ಮೂಲೆಯಲ್ಲಿ ಐದು ರಾಗಿ ಪೈರನ್ನು ಸೇರಿಸಿ ಕಟ್ಟಿ, ಹೊಸ ಕುಪ್ಪಸದ ಬಟ್ಟೆ ಹೊದಿಸಿ, ಹಸಿರು ಬಳೆ ಇಟ್ಟು ಪೂಜೆ ಮಾಡುತ್ತಿದ್ದರು. ಆಮೇಲೆ ಚರಗ ಚೆಲ್ಲುವುದು. ಅಂದರೆ ಬುಟ್ಟಿಯಲ್ಲಿದ್ದ ಅನ್ನ, ಪಲ್ಯ, ಕಡುಬು ಎಲ್ಲವನ್ನೂ ಕಲಸಿ ಹೊಲದ ತುಂಬ ಭೂಮಿತಾಯಿಗೆ ಎರಚುವುದು. ಕಾಗೆಗಳೂ ಗೊರವಂಕಗಳೂ ಹಿಂದೆಯೇ ಇಳಿಯುತ್ತಿದ್ದವು. ಅದೆಲ್ಲ ಆದ ಮೇಲೆ ಹೊಂಗೆ ಮರದ ನೆರಳಲ್ಲಿ ಮುತ್ತುಗದೆಲೆ ಹಾಕಿಕೊಂಡು ನಮ್ಮ ಊಟ. ಸಜ್ಜೆ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಕುಂಬಳಕಾಯಿ ಪಲ್ಯ, ಕಾಯಿಗಡುಬು, ಮೊಸರನ್ನದ ಉಂಡೆ. ಬಯಲಿನ ಗಾಳಿಯಲ್ಲಿ ಕೂತು ಉಂಡರೆ ಮನೆಯಲ್ಲಿ ಉಣ್ಣುವುದರ ಎರಡರಷ್ಟು ಹೊಟ್ಟೆಗೆ ಹೋಗುತ್ತಿತ್ತು. ಉಂಡು, ಬದುವಿನ ಮೇಲೆ ಅಂಗಾತ ಮಲಗಿ, ಮೋಡವಿಲ್ಲದ ಆಕಾಶ ನೋಡುತ್ತಾ ನಿದ್ದೆಹೋಗುತ್ತಿದ್ದೆವು. ಅಷ್ಟು ಸುಖದ ನಿದ್ದೆ ನನಗೆ ಆಮೇಲೆ ಎಲ್ಲೂ ಸಿಕ್ಕಿಲ್ಲ.

ಇಷ್ಟನ್ನೂ ಮಾಡಿದವಳು ನಮ್ಮ ದೊಡ್ಡವ್ವ. ಅಪ್ಪನ ಅಣ್ಣನ ಹೆಂಡತಿ, ಗಿರಿಜಮ್ಮ ಅಂತ ಹೆಸರು. ಕೋಳಿ ಕೂಗುವ ಮೊದಲೇ ಎದ್ದು ಒಲೆ ಹಚ್ಚುತ್ತಿದ್ದವಳು ಅವಳು, ರೊಟ್ಟಿ ತಟ್ಟುತ್ತಿದ್ದವಳು ಅವಳು, ಹುಚ್ಚೆಳ್ಳು ಹುರಿದು ಒರಳಿಗೆ ಹಾಕಿ ಕುಟ್ಟುತ್ತಿದ್ದವಳು ಅವಳು. ನನ್ನ ಜಡೆ ಹೆಣೆದು, ಹೂ ಮುಡಿಸಿ, ‘ಹೊಲ್ದಾಗೆ ಹುಳಹುಪ್ಪಟೆ ಮುಟ್ಬ್ಯಾಡ ಕಣೇ’ ಎಂದು ಗದರಿ ಗಾಡಿ ಹತ್ತಿಸುತ್ತಿದ್ದವಳೂ ಅವಳೇ. ಗಾಡಿ ಹೊರಟರೆ ಕೊಟ್ಟಿಗೆ ಬಾಗಿಲಲ್ಲಿ ನಿಂತುಕೊಳ್ಳುತ್ತಿದ್ದಳು. ಬರುತ್ತಿರಲಿಲ್ಲ. ಚರಗದ ಬುಟ್ಟಿ ನಮ್ಮವ್ವನ ತಲೆಯ ಮೇಲಿರುತ್ತಿತ್ತು. ‘ದೊಡ್ಡವ್ವ ಯಾಕ್ ಬರಲ್ಲ?’ ಎಂದು ಕೇಳಿದರೆ ಅವ್ವ ‘ಮನೆ ಕಾಯೋರು ಬ್ಯಾಡ್ವೇನೆ?’ ಅನ್ನುತ್ತಿದ್ದಳು. ನಾನು ನಂಬಿದ್ದೆ. ನಮ್ಮ ಮನೆಯಲ್ಲಿ ಕಳ್ಳ ಹೊತ್ತುಕೊಂಡು ಹೋಗುವಂಥದ್ದು ಏನಿತ್ತು ಅಂತ ಯೋಚಿಸುವ ವಯಸ್ಸಲ್ಲ ಅದು.

ನಿಜ ಹೇಳಿದವಳು ನಮ್ಮತ್ತೆ, ಅಪ್ಪನ ತಂಗಿ. ಒಂದು ವರ್ಷ ಹೊಲದಲ್ಲಿ ನಾನು ಮತ್ತೆ ಅದೇ ಪ್ರಶ್ನೆ ಕೇಳಿದಾಗ ರೊಟ್ಟಿ ಮುರಿಯುತ್ತಾ, ಬಿಸಿಲು ಜಾಸ್ತಿಯಾಯಿತು ಅನ್ನುವಷ್ಟೇ ಸಲೀಸಾಗಿ ಹೇಳಿದಳು: ‘ಬಸುರಿ ಮುಂದೆ ಬಂಜೆ ನಿಂತ್ಕಂಬಾರ್ದು ಕಣೇ. ಭೂಮ್ತಾಯಿ ಇವತ್ತು ಬಸುರಿ ಅಲ್ವಾ?’ ಅವ್ವ ತಲೆ ಬಗ್ಗಿಸಿ ಎಲೆಗೆ ಪಲ್ಯ ಬಡಿಸುತ್ತಿದ್ದಳು. ಅಜ್ಜಿ ‘ಮಕ್ಳ ಮುಂದೆ ಅದೆಲ್ಲ ಯಾಕೆ’ ಎಂದಳೇ ಹೊರತು ಸುಳ್ಳು ಅನ್ನಲಿಲ್ಲ. ಅಲ್ಲಾ ಸ್ವಾಮಿ, ನೀವೇ ಹೇಳಿ. ಆ ಹೊಲಕ್ಕೆ ಬಿತ್ತನೆಯ ಬೀಜ ಆರಿಸುತ್ತಿದ್ದವಳು ದೊಡ್ಡವ್ವ. ಆಷಾಢದ ಗಾಳಿಯಲ್ಲಿ ಸೊಂಟ ಬಗ್ಗಿಸಿ ಕಳೆ ಕೀಳುತ್ತಿದ್ದವಳು ದೊಡ್ಡವ್ವ. ಆಗ ಅವಳ ಕೈ ಭೂಮಿಗೆ ಆಗುತ್ತಿತ್ತು. ಉಣ್ಣುವ ದಿನ ಅವಳ ಕಾಲು ಆಗುತ್ತಿರಲಿಲ್ಲ. ಅವಳು ಬೇಯಿಸಿದ ಅನ್ನ ಭೂಮಿತಾಯಿಗೆ ಆಗುತ್ತಿತ್ತು, ಅವಳು ಆಗುತ್ತಿರಲಿಲ್ಲ! ಇನ್ನೂ ಕೇಳಿ. ಮನೆಗೆ ಹಿರಿಯವನು ಅಂತ ಹೊಲದ ತುಂಬ ಓಡಾಡಿ ಚರಗ ಚೆಲ್ಲುತ್ತಿದ್ದವನು ಯಾರು? ನಮ್ಮ ದೊಡ್ಡಪ್ಪ. ಅವನಿಗೆ ಮಾತ್ರ ಮಕ್ಕಳಿದ್ದರೇ? ಅದೇ ಇಬ್ಬರ ಮನೆಯ ಖಾಲಿ ತೊಟ್ಟಿಲು ತಾನೇ? ಅವನು ತಲೆಗೆ ರುಮಾಲು ಸುತ್ತಿ ‘ಉಣ್ಣು ತಾಯೇ, ಉಣ್ಣು’ ಎನ್ನುತ್ತಾ ಗಂಭೀರವಾಗಿ ನಡೆಯುತ್ತಿದ್ದ. ಯಾರೊಬ್ಬರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಈಗಲೂ ಎಷ್ಟೋ ಜನಕ್ಕೆ ಅನ್ನಿಸುವುದಿಲ್ಲ, ನನಗೆ ಗೊತ್ತು.

ಮುಂದಿನ ವರ್ಷ ಹುಣ್ಣಿಮೆಯ ದಿನವೇ ಅವ್ವನಿಗೆ ಜ್ವರ ಬಂತು, ಏಳಲಾರದಂಥ ಚಳಿಜ್ವರ. ಅತ್ತೆ ಆ ಸಲ ಬಂದಿರಲಿಲ್ಲ. ಅಜ್ಜಿಗೆ ಮಂಡಿನೋವು. ಬುಟ್ಟಿ ಹೊರುವವರಿಲ್ಲ, ಚರಗದ ಬುಟ್ಟಿಯನ್ನು ಗಾಡಿಯಲ್ಲಿ ಇಡುವಂತಿಲ್ಲ. ಅಜ್ಜಿ ಬಹಳ ಹೊತ್ತು ಯೋಚನೆ ಮಾಡಿ ಕೊನೆಗೆ, ‘ಗಿರಿಜಾ, ಬದುವಿನ ತಂಕ ನೀನೇ ಹೊತ್ಕಂಡು ಬಾ’ ಎಂದಳು. ದೊಡ್ಡವ್ವ ಒಳಗೆ ಹೋದವಳು ಮದುವೆಯ ಹಸಿರು ಸೀರೆ ಉಟ್ಟುಕೊಂಡು ಹೊರಗೆ ಬಂದಳು. ಹಣೆಗೆ ದೊಡ್ಡ ಕುಂಕುಮ. ನಾನು ಗಾಡಿ ಹತ್ತದೆ ಅವಳ ಸೆರಗು ಹಿಡಿದುಕೊಂಡು ನಡೆದೆ. ದಾರಿಯುದ್ದಕ್ಕೂ ಅವಳು ಚಿಕ್ಕ ಹುಡುಗಿಯ ಥರ ಮಾತಾಡುತ್ತಿದ್ದಳು, ‘ಅಗಾ ನೋಡೇ, ಅವ್ರ ಹೊಲದ ಹುಚ್ಚೆಳ್ಳು! ನಮ್ದೇ ಚೆಂದ, ಅಲ್ವಾ?’ ಎಂದು ನನ್ನನ್ನು ತಿವಿಯುತ್ತಿದ್ದಳು. ಬದು ಬಂತು. ದೊಡ್ಡವ್ವ ಒಂದು ಕಾಲು ಮುಂದಿಟ್ಟಳೋ ಇಲ್ಲವೋ, ಅಜ್ಜಿ ಗಾಡಿಯಿಂದಲೇ ‘ಅಲ್ಲೇ ನಿಂತ್ಕಳೇ! ದಾಟ್ಬ್ಯಾಡ!’ ಎಂದು ಕೂಗಿದಳು. ಕುಂಟುತ್ತಾ ಬಂದು ಬುಟ್ಟಿಯನ್ನು ತನ್ನ ತಲೆಗೆ ಏರಿಸಿಕೊಂಡು, ಆ ನೋಯುವ ಮಂಡಿಯಲ್ಲೇ ಎಡವುತ್ತಾ ಹೊಲಕ್ಕಿಳಿದಳು. ದೊಡ್ಡವ್ವ ಬದುವಿನ ಮೇಲೆ ನಿಂತೇ ಇದ್ದಳು. ಆಗ ದೊಡ್ಡಪ್ಪ ತಿರುಗಿ ನೋಡಿ, ‘ಇನ್ನೇನ್ ನಿಂತಿದೀಯ, ನಡಿ ಮನೆಗೆ’ ಎಂದ. ಆ ವಿಷಯದಲ್ಲಿ ಅವನ ಬಾಯಿಂದ ನಾನು ಕೇಳಿದ್ದು ಅದೊಂದೇ ಮಾತು. ದೊಡ್ಡವ್ವ ಸೆರಗು ಹೊದ್ದುಕೊಂಡು ಬಂದ ದಾರಿಯಲ್ಲೇ ಹೊರಟಳು.

ಅಷ್ಟಕ್ಕೇ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಹುಣ್ಣಿಮೆ ಕಳೆದು ಸ್ವಾತಿ ಮಳೆ ಹಿಡಿಯಿತು. ಬಿಟ್ಟೂಬಿಡದೆ ಹುಯ್ದ ಮಳೆಗೆ ನಮ್ಮ ರಾಗಿ ನೆಲಕ್ಕೆ ಮಲಗಿತು, ತೆನೆಯಲ್ಲೇ ಮೊಳಕೆ ಬಂತು. ದೀಪಾವಳಿಗೆ ಬಂದ ಅತ್ತೆ ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವಂತೆ, ‘ಅವ್ಳನ್ ಬದುವಿನ ತಂಕ ಬಿಟ್ಕಂಡ್ರಲ್ಲ, ಅನುಭವಿಸಿ!’ ಎಂದಳು. ಅಜ್ಜಿ ಹೌದೆನ್ನುವಂತೆ ಕಣ್ಣೊರೆಸಿಕೊಂಡಳು. ಅಪ್ಪ ಸುಮ್ಮನಿದ್ದ. ಅವ್ವನೂ ಸುಮ್ಮನಿದ್ದಳು, ತನ್ನ ಮಗಳನ್ನು ಸಾಕಿದ್ದು ಯಾರು ಅಂತ ಗೊತ್ತಿದ್ದ ನಮ್ಮವ್ವನೂ! ಅಜ್ಜಂಪುರದಿಂದ ತರೀಕೆರೆವರೆಗೆ, ಕಡೂರಿನವರೆಗೆ ಆ ವರ್ಷ ಯಾರ ರಾಗಿ ನಿಂತಿತ್ತು? ಯಾರ ಈರುಳ್ಳಿ ಕೊಳೆಯದೆ ಉಳಿದಿತ್ತು? ಅವರೆಲ್ಲರ ಬದುವಿನ ಮೇಲೂ ನಮ್ಮ ದೊಡ್ಡವ್ವ ಹೋಗಿ ನಿಂತಿದ್ದಳೇ? ಮೂರು ತಾಲ್ಲೂಕಿಗೆ ಹುಯ್ದ ಮಳೆಗೆ ನಮ್ಮ ಮನೆಯಲ್ಲಿ ಮಾತ್ರ ಕಾರಣ ಸಿಕ್ಕಿತ್ತು. ದೊಡ್ಡವ್ವ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಅತ್ತೆಯ ಮಾತಿನ ನಡುವೆ ಒಂದು ಸಲವೂ ಆ ಸದ್ದು ನಿಲ್ಲಲಿಲ್ಲ.

ಆಮೇಲೆ ಬದುಕು ತನ್ನ ಪಾಡಿಗೆ ನಡೆಯಿತು. ನನ್ನನ್ನು ಬೀರೂರಿಗೆ ಕೊಟ್ಟರು, ಇಬ್ಬರು ಮಕ್ಕಳಾದರು. ಅಜ್ಜಿ ಹೋದಳು, ದೊಡ್ಡಪ್ಪ ಹೋದ, ಅಪ್ಪ, ಅವ್ವ, ಬಾಯಿಬಡುಕಿ ಅತ್ತೆ, ಎಲ್ಲರೂ ಒಬ್ಬೊಬ್ಬರಾಗಿ ಹೋದರು. ಅವರೆಲ್ಲರನ್ನೂ ನೆನೆದು ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಅಜ್ಜಿಯ ಕೈತುತ್ತು, ದೊಡ್ಡಪ್ಪನ ಹೆಗಲು, ಅತ್ತೆ ತರುತ್ತಿದ್ದ ಗಾಜಿನ ಬಳೆ, ಎಲ್ಲ ಈಗಲೂ ಬೇಕು ಅನ್ನಿಸುತ್ತದೆ. ಅವರೇನು ಕೆಟ್ಟವರಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು. ಕೆಟ್ಟವರಾಗಿದ್ದರೆ ಒಂದು ಸಲ ಬೈದು ಮರೆತುಬಿಡಬಹುದಿತ್ತು.

ದೊಡ್ಡವ್ವ ನನ್ನ ತಮ್ಮನ ಮನೆಯಲ್ಲಿ ಸುಖವಾಗಿಯೇ ಇದ್ದಳು. ಅವನೂ ಅವನ ಹೆಂಡತಿಯೂ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಅವಳು ತೀರಿಕೊಳ್ಳುವ ಹಿಂದಿನ ವರ್ಷ ಹುಣ್ಣಿಮೆಗೆ ನಾನು ಬೆಳಗಿನ ರೈಲಿಗೆ ಹೊರಟು ಶಿವನಿಯಲ್ಲಿ ಇಳಿದು ಊರಿಗೆ ಹೋದೆ. ಈ ಸಲ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋಗಿಯೇ ಸೈ ಅಂತ ತೀರ್ಮಾನ ಮಾಡಿದ್ದೆ. ತಮ್ಮನೇ ಕಾರು ತಂದು ಬಾಗಿಲಲ್ಲೇ ನಿಲ್ಲಿಸಿದ್ದ. ಅವನ ಹೆಂಡತಿ ‘ಬರ್ರೀ ಅತ್ತೆ, ನೀವೇ ಪೂಜೆ ಮಾಡ್ರಿ’ ಎಂದು ಕೈಹಿಡಿದು ಎಬ್ಬಿಸಲು ನೋಡಿದಳು. ದೊಡ್ಡವ್ವ ಜಗಲಿಯ ಮೇಲಿಂದ ಏಳಲಿಲ್ಲ. ‘ನೀವ್ ಹೋಗ್ಬನ್ನಿ’ ಎಂದು ನಕ್ಕಳು.

ನನಗೆ ರೇಗಿತು. ‘ಯಾರಿದಾರೆ ದೊಡ್ಡವ್ವ ಈಗ ಬ್ಯಾಡ ಅನ್ನೋಕೆ? ಎಲ್ಲಾ ಹೋದ್ರಲ್ಲ!’ ಎಂದೆ.

‘ಯಾರೂ ಬ್ಯಾಡ ಅಂತಿಲ್ಲ ಕಣೇ ಮಗಾ’ ಎಂದು ನನ್ನ ಕೈ ಹಿಡಿದುಕೊಂಡಳು. ‘ಈ ಸಲ ತೆನೆ ಚೆನ್ನಾಗಿ ಕಟ್ಟೈತಂತೆ. ಹುಡ್ಗ ಬಾಳ ಕಷ್ಟಪಟ್ಟವ್ನೆ. ನಾನ್ ಯಾಕೆ ಸುಮ್ನೆ ಬಂದು...’

‘ಆವತ್ತಿನ ಮಳೆ ಎಲ್ಲಾ ಕಡೆ ಹುಯ್ದಿತ್ತು, ದೊಡ್ಡವ್ವ! ನಮ್ಮ ಹೊಲಕ್ಕೊಂದಕ್ಕೇ ಅಲ್ಲ!’

‘ಹೌದು, ಎಲ್ಲಾ ಕಡೆ ಹುಯ್ತು’ ಎಂದಳು. ನನ್ನ ಬಳೆಗಳನ್ನು ಸರಿಮಾಡುತ್ತಾ, ‘ಆದ್ರೂ...’ ಎಂದಳು.

ನಾನು ಹೊಲಕ್ಕೆ ಹೋಗಲಿಲ್ಲ. ಅವಳ ಪಕ್ಕದಲ್ಲೇ ಎಲೆ ಹಾಕಿಕೊಂಡು ಕೂತೆ. ಅದೂ ಅವಳಿಗೆ ಸಮಾಧಾನವಾಗಲಿಲ್ಲ. ‘ಮಕ್ಳ ತಾಯಿ ನೀನು, ಹೋಗ್ಬೇಕಿತ್ತು’ ಎಂದು ಊಟ ಮುಗಿಯುವವರೆಗೂ ಗೊಣಗಿದಳು. ಆ ವರ್ಷ ಸ್ವಾತಿ ಮಳೆ ಹಿಡಿಯಲಿಲ್ಲ. ಕೊಯ್ಲಾಗಿ, ಒಕ್ಕಣೆ ಮುಗಿಸಿ, ನನ್ನ ತಮ್ಮ ರಾಗಿ ಮೂಟೆಗಳನ್ನು ಮನೆಯೊಳಗೆ ತುಂಬಿಸುವಾಗ ನಾನೂ ಅಲ್ಲಿದ್ದೆ. ‘ಚೆನ್ನಾಗಿ ಬಂತು ದೊಡ್ಡವ್ವ, ಯಾವ ವರ್ಷನೂ ಇಷ್ಟು ಬಂದಿರ್ಲಿಲ್ಲ’ ಎಂದು ಅವನು ಹೇಳಿದಾಗ ದೊಡ್ಡವ್ವ ಎರಡೂ ಕೈ ಮುಗಿದು ಕಣ್ಣು ಮುಚ್ಚಿಕೊಂಡಳು. ತನ್ನಿಂದ ಏನೂ ಕೆಡುಕಾಗಲಿಲ್ಲ ಎಂಬ ಆ ನೆಮ್ಮದಿ ಅವಳ ಮುಖದ ತುಂಬ ಇತ್ತು. ಸತ್ತುಹೋದ ನನ್ನ ಪ್ರೀತಿಯ ಜನರನ್ನು ಬೇರೆ ಎಲ್ಲಕ್ಕೂ ಕ್ಷಮಿಸಿದ್ದೇನೆ. ಆ ನೆಮ್ಮದಿಗೆ ಮಾತ್ರ ಕ್ಷಮಿಸಿಲ್ಲ.