ನಾನು ಮಾಡಿಸಿಕೊಟ್ಟ ಲೈಸೆನ್ಸು

ನನ್ನ ಭಾವ ಕಮಲಾಕ್ಷ ಮತ್ತೆ ಲಾರಿ ಹತ್ತಿದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯವರು ಇವತ್ತಿಗೂ ಅದನ್ನು ನಾನು ಮಾಡಿದ ದೊಡ್ಡ ಉಪಕಾರವೆಂದು ಹೊಗಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಭಾವ ಕಾಸರಗೋಡಿನವರು. ಮಟ್ಟಾಂಚೇರಿಯಲ್ಲಿ ನಿತ್ಯಾನಂದ ಪೈಗಳ ಮಂಡಿಯಲ್ಲಿ ಡ್ರೈವರ್. ಕರಿಮೆಣಸು, ಒಣಶುಂಠಿಯ ಚೀಲ ಹೇರಿಕೊಂಡು ತಿರುವನಂತಪುರಕ್ಕೆ ಹೋಗಿ ಬರುವುದು ಅವರ ಕೆಲಸ. ತುಟಿಯಲ್ಲಿ ಬೀಡಿ, ಸ್ಟೇರಿಂಗಿನ ಮೇಲೆ ಒಂದೇ ಕೈ, ಎದುರು ಸಿಕ್ಕಿದವರಿಗೆಲ್ಲ ಒಂದು ಕುಶಾಲು. ಲಾರಿಯ ಸೀಟಿನಲ್ಲಿ ಕೂತರೆ ಸಿಂಹಾಸನದಲ್ಲಿ ಕೂತಂತೆ ಇರುತ್ತಿದ್ದರು.

ದಾರಿಯಲ್ಲಿ ಅರೂರಿನ ಹತ್ತಿರ ಹಿನ್ನೀರು ದಾಟಬೇಕಿತ್ತು. ಆಗ ಸೇತುವೆ ಇರಲಿಲ್ಲ. ಎರಡು ದೊಡ್ಡ ದೋಣಿ ಜೋಡಿಸಿ, ಮೇಲೆ ಹಲಗೆ ಬಡಿದ ಚಂಗಾಡದ ಮೇಲೆ ಲಾರಿ ಹತ್ತಿಸಿ, ಗಳ ಊರುತ್ತಾ ಆಚೆ ದಡ ಸೇರಿಸುತ್ತಿದ್ದರು. ಐವತ್ತೈದರ ಮಳೆಗಾಲದಲ್ಲಿ ಹಲಗೆ ಜಾರಿ ಲಾರಿ ಭಾವನ ಸಮೇತ ನೀರಿಗೆ ಬಿತ್ತು. ಭಾವ ಬದುಕಿ ಬಂದರು. ಅಕ್ಕ ರತ್ನ ಮಧೂರು ಗಣಪತಿಗೆ ಅಪ್ಪದ ಹರಕೆ ಒಪ್ಪಿಸಿದಳು. ನಮ್ಮ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು.

ಆಮೇಲೆ ಭಾವ ಸೊಂಟನೋವಿನ ನೆಪ ಹೇಳಿ ಮಂಡಿಯಲ್ಲೇ ತೂಕದ ಕೆಲಸಕ್ಕೆ ನಿಂತರು. ಮರುವರ್ಷ ರಾಜ್ಯಗಳ ವಿಂಗಡಣೆಯಾಯಿತು. ಅವರ ಲೈಸೆನ್ಸು ಮಂಗಳೂರಿನಲ್ಲಿ ಮಾಡಿಸಿದ್ದು. ಮಂಗಳೂರು ಮೈಸೂರಿಗೆ ಹೋಯಿತು, ಕಾಸರಗೋಡು ಕೇರಳಕ್ಕೆ ಬಂತು, ಲೈಸೆನ್ಸಿನ ಅವಧಿ ನಡುವೆ ಎಲ್ಲೋ ಮುಗಿದುಹೋಯಿತು. ಊರಿಗೆ ಊರೇ ಗಡಿ ಹಾಕಿದವರಿಗೆ ಹಿಡಿಶಾಪ ಹಾಕುತ್ತಿದ್ದಾಗ ಭಾವ ಒಬ್ಬರೇ ತುಟಿ ಬಿಚ್ಚಲಿಲ್ಲ. ಪೈಗಳು ಕೇಳಿದರೆ, ಮಂಗಳೂರಿನಿಂದ ಕಾಗದ ಬರಲಿಲ್ಲ ಎನ್ನುವರು. ಮೂರು ವರ್ಷ ಅದೇ ಉತ್ತರ.

ನಾನು ಆ ಹೊತ್ತಿಗೆ ಕಾಸರಗೋಡಿನಿಂದ ತಿರುವನಂತಪುರಕ್ಕೆ ವರ್ಗವಾಗಿದ್ದ ಸರ್ಕಾರಿ ಗುಮಾಸ್ತ. ನಮ್ಮ ಕಡೆಯಿಂದ ಬಂದ ಕನ್ನಡ ಕಾಗದಗಳನ್ನು ಓದಬಲ್ಲವನು ಆ ಕಟ್ಟಡದಲ್ಲಿ ನಾನೊಬ್ಬನೇ. ಪಕ್ಕದ ಸಾರಿಗೆ ಆಫೀಸಿನವರೂ ಕರೆದು ಕೂರಿಸಿ ಚಹಾ ಕೊಡುತ್ತಿದ್ದರು. ನನಗೆ ಎರಡು ಕೋಡು ಮೂಡಿದ್ದವು.

ಐವತ್ತೊಂಬತ್ತರಲ್ಲಿ ಪೈಗಳ ಇನ್ನೊಬ್ಬ ಡ್ರೈವರ್ ಕೆಲಸ ಬಿಟ್ಟ. ಹತ್ತಿರದ ವೈಟ್ಟಿಲದಲ್ಲಿ ಅವನಿಗೆ ಸ್ವಂತ ಮನೆಯಿತ್ತು. ಹಾಗಾಗಿ ಮಂಡಿಯ ಹಿತ್ತಲಲ್ಲಿ ಡ್ರೈವರಿಗೆಂದು ಕಟ್ಟಿಸಿದ್ದ ಮನೆಯಲ್ಲಿ ಅಕ್ಕ ಭಾವ ಇಷ್ಟು ವರ್ಷ ಉಳಿದುಕೊಂಡಿದ್ದರು. ಅಕ್ಕ ನನಗೆ ಪತ್ರ ಬರೆದಳು. ಹೊಸ ಡ್ರೈವರ್ ಬಂದರೆ ಮನೆ ಬಿಡಬೇಕಂತೆ. ಮಗಳು ಚಂದ್ರಾವತಿ ಹತ್ತನೇ ತರಗತಿ, ಮಲಯಾಳ ಬಿಟ್ಟರೆ ಬೇರೆ ಬರೆಯಲು ಬಾರದು, ಊರಿಗೆ ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ? ಭಾವನ ಲೈಸೆನ್ಸಿಗೆ ಏನಾದರೂ ಮಾಡು.

ನಾನು ಟೊಂಕ ಕಟ್ಟಿ ನಿಂತೆ. ಮಂಗಳೂರಿನ ಗೆಳೆಯನಿಗೆ ತಂತಿ ಕೊಟ್ಟೆ, ಹಳೆಯ ರಿಜಿಸ್ಟರಿನ ನಕಲು ತರಿಸಿದೆ, ಪಕ್ಕದ ಆಫೀಸಿನ ಚಹಾದ ಋಣವನ್ನು ವಸೂಲು ಮಾಡಿದೆ. ಮೂರು ವರ್ಷದಲ್ಲಿ ಆಗದ ಕೆಲಸ ಹನ್ನೊಂದು ದಿನದಲ್ಲಿ ಆಯಿತು. ಭಾವನನ್ನು ಒಂದು ಮಾತು ಕೇಳಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ.

ಶನಿವಾರ ಸಂಜೆ ಮಟ್ಟಾಂಚೇರಿಗೆ ಹೋಗಿ, ಪೈಗಳ ಎದುರಿಗೇ ಲೈಸೆನ್ಸು ಭಾವನ ಕೈಗಿಟ್ಟೆ. ಭಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಷ್ಟು ಬೇಗ ಹೇಗೆ ಸಿಕ್ಕಿತು ಮಾರಾಯ?" ಎಂದರು.

ಪೈಗಳು ನನ್ನ ಬೆನ್ನು ತಟ್ಟಿದರು. ಬೆಳಿಗ್ಗೆಯೇ ಶುಂಠಿಯ ಲಾರಿ ಹೊರಡಲಿ, ನೀನೂ ಅದರಲ್ಲೇ ಹೋಗು ಎಂದರು. ಅಕ್ಕ ರಾತ್ರಿ ಪಾಯಸ ಮಾಡಿದಳು. ಭಾವ ಎರಡು ಚಮಚ ತಿಂದು ಕೈ ತೊಳೆದರು.

ಭಾನುವಾರ ಬೆಳಿಗ್ಗೆ ಅರೂರಿನ ದೋಣಿ ಕಡವಿನವರೆಗೆ ಭಾವ ಒಂದು ಬೀಡಿಯನ್ನೂ ಹಚ್ಚಲಿಲ್ಲ. ಎರಡು ಕೈಯಲ್ಲಿ ಸ್ಟೇರಿಂಗ್ ಹಿಡಿದಿದ್ದರು. ಲಾರಿ ಚಂಗಾಡ ಹತ್ತಿತು. ಅಲ್ಲಿನ ಕ್ರಮ ಏನೆಂದರೆ, ಉಳಿದವರೆಲ್ಲ ಇಳಿಯಬೇಕು, ಡ್ರೈವರ್ ಮಾತ್ರ ಆಚೆ ದಡ ಮುಟ್ಟುವವರೆಗೆ ಬ್ರೇಕು ತುಳಿದು ಸೀಟಿನಲ್ಲೇ ಕೂತಿರಬೇಕು. ನಾನು ಇಳಿದು ನಿಂತೆ.

"ಉಪೇಂದ್ರ, ಈಚೆ ಬಾ," ಎಂದರು ಭಾವ. "ಈ ಬಾಗಿಲು ತೆರೆದು ಹಿಡ್ಕೊಂಡು ನಿಲ್ಲು. ಮುಚ್ಚಲಿಕ್ಕೆ ಬಿಡ್ಬೇಡ."

ಅವರ ಅಂಗಿ ಬೆವರಿನಿಂದ ಪೂರ್ತಿ ಒದ್ದೆಯಾಗಿತ್ತು.

"ಎಂತ ಭಾವ, ಸೌಖ್ಯ ಇಲ್ವಾ?"

"ಆವತ್ತು ನೀರಿನೊಳಗೆ ಬಾಗಿಲು ತೆರೀಲಿಲ್ಲ. ಕಾಲಲ್ಲಿ ಒದ್ದೆ, ತಳ್ಳಿದೆ, ಜಪ್ಪಯ್ಯ ಅನ್ನಲಿಲ್ಲ. ಕಿಟಕಿಯಲ್ಲಿ ತಲೆ ತೂರಿಸಿದ್ರೆ ಭುಜ ಸಿಕ್ಕಿಬಿತ್ತು. ಹೇಗೆ ಹೊರಗೆ ಬಂದದ್ದೂಂತ ನನಗೇ ಗೊತ್ತಿಲ್ಲ."

"ಅಕ್ಕನಿಗೆ ಗೊತ್ತುಂಟಾ?"

"ಹೇಳಿದ್ರೆ ಅವಳು ಲಾರಿ ಹತ್ತಲಿಕ್ಕೆ ಬಿಡ್ತಾಳಾ? ಮತ್ತೆ ಮನೆ ಎಲ್ಲಿ?" ಭಾವ ನೀರಿನ ಕಡೆ ನೋಡದೆ ಹೇಳಿದರು. "ಮಂಗಳೂರಿಗೆ ನಾನು ಒಂದು ಕಾರ್ಡು ಸಹ ಬರೆದವನಲ್ಲ. ಕಾಗದ ಬರ್ಲಿಲ್ಲಾಂತ ಹೇಳ್ಕೊಂಡು ಹೇಗೋ ದಿನ ಹೋಗ್ತಾ ಇತ್ತು."

ನಾನು ಮಾಡಿದ ಘನಕಾರ್ಯ ಆಗ ನನಗೆ ಅರ್ಥವಾಯಿತು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಅವರಿಗಿದ್ದ ಒಂದೇ ಒಂದು ಆಸರೆಯನ್ನು ನಾನು ಮೊಹರು ಹಾಕಿಸಿ ಕಿತ್ತುಕೊಂಡಿದ್ದೆ.

"ತಪ್ಪಿ ಕೊಟ್ಟದ್ದೂಂತ ಬರೆದು ರದ್ದು ಮಾಡಿಸ್ತೇನೆ ಭಾವ."

"ಎಂತ ಕಾರಣ ಬರೀತೀ? ಹೆದರಿಕೆಗೆ ನಿಮ್ಮ ಅರ್ಜಿಯಲ್ಲಿ ಜಾಗ ಉಂಟಾ?"

ಇರಲಿಲ್ಲ. ಗಳ ಊರುತ್ತಿದ್ದವನು ಬಾಗಿಲು ಹಾಕು ಎಂದು ಮಲಯಾಳದಲ್ಲಿ ಎರಡು ಸಲ ಗದರಿದ. ನಾನು ಕೇಳದವನ ಹಾಗೆ ಎರಡೂ ಕೈಯಲ್ಲಿ ಬಾಗಿಲು ಹಿಡಿದು ನಿಂತೆ. ಆಚೆ ದಡ ಮುಟ್ಟಲು ಅರ್ಧ ಗಂಟೆಯಾದರೂ ಹಿಡಿದಿರಬೇಕು.

ಲಾರಿ ದಡ ಹತ್ತಿ ಚೇರ್ತಲದ ದಾರಿ ಹಿಡಿಯಿತು. ಸ್ವಲ್ಪ ದೂರ ಹೋದ ಮೇಲೆ ಭಾವ ಕೇಳಿದರು.

"ಲೈಸೆನ್ಸು ಎಷ್ಟು ಸಮಯಕ್ಕೆ ಉಂಟು?"

"ಮೂರು ವರ್ಷಕ್ಕೆ."

ಅವರು ತಲೆಯಾಡಿಸಿದರು. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಭಾವ ಸಿಟ್ಟು ಮಾಡಲಿಲ್ಲ, ದಾರಿ ಕೇಳುವವರ ಹಾಗೆ ಮೆಲ್ಲಗೆ ಇಷ್ಟೇ ಕೇಳಿದರು.

"ನಾಡಿದ್ದು ಬರುವಾಗ ಬಾಗಿಲು ಯಾರು ಹಿಡೀತಾರೆ?"

ನನಗೆ ಆ ದಿನವೂ ಹತ್ತು ಗಂಟೆಗೆ ಆಫೀಸಿತ್ತು.