ಎಲ್ಲರಿಗೂ ಆಗುವ ಕೋಟು

ಟಪ್, ಟಪ್, ಟಪ್. ಕೋಟಿನ ಬೆನ್ನಿಗೆ ಕ್ಲಿಪ್ಪು ಕಚ್ಚುವ ಸದ್ದು. ಕಾಗದದ ಕಟ್ಟು ಹಿಡಿದಿಡಲು ಆಫೀಸುಗಳಲ್ಲಿ ಬಳಸುತ್ತಾರಲ್ಲ, ಆ ಕಪ್ಪು ಕ್ಲಿಪ್ಪುಗಳು. ಜೆರಾಕ್ಸ್ ಅಂಗಡಿಯ ಒಡತಿ ಅವನ್ನು ಡಬ್ಬಿಯಲ್ಲಿ ಇಡುತ್ತಿರಲಿಲ್ಲ. ಸೆರಗಿನ ಅಂಚಿಗೆ ಸಾಲಾಗಿ ಸಿಕ್ಕಿಸಿಕೊಂಡೇ ಅಂಗಡಿ ತುಂಬ ಓಡಾಡುತ್ತಿದ್ದರು. ನಡೆದಾಗ ಕೇಳುತ್ತಿದ್ದ ಕಿಣಿಕಿಣಿ ಬಳೆಯದೋ ಕ್ಲಿಪ್ಪಿನದೋ ಹೇಳಲಾಗುತ್ತಿರಲಿಲ್ಲ.

ಪೀಣ್ಯ ಎರಡನೇ ಹಂತದಲ್ಲಿ, ಮೆಟ್ರೋ ಕಂಬಗಳಿಂದ ಎರಡು ತಿರುವು ಒಳಗೆ, ತಗಡು ಒತ್ತುವ ಒಂದು ಪವರ್ ಪ್ರೆಸ್ ಶೆಡ್ಡಿಗೂ ಒಂದು ದರ್ಶಿನಿ ಹೋಟೆಲಿಗೂ ನಡುವೆ ಆಕೆಯ ಅಂಗಡಿ. ಒಂದು ಜೆರಾಕ್ಸ್ ಮಷೀನು, ಒಂದು ಕಂಪ್ಯೂಟರು, ಗೋಡೆಗೆ ಹೊಡೆದ ಬಿಳಿ ಬಟ್ಟೆ, ಅದರ ಮುಂದೊಂದು ಸ್ಟೂಲು. ಪಕ್ಕದ ಮೊಳೆಗೆ ತೂಗುತ್ತಿದ್ದ ಕಪ್ಪು ಕೋಟು ಆಕೆಯ ಯಜಮಾನರದು. ಮದುವೆಯ ರಿಸೆಪ್ಷನ್ನಿಗೆಂದು ಹೊಲಿಸಿ ಒಂದೇ ಸಂಜೆ ತೊಟ್ಟಿದ್ದರಂತೆ. ಭಾರೀ ಆಳು. ಅವರು ಹೋದ ಮೇಲೆ ಕೋಟು ಬೀರುವಿನಿಂದ ಅಂಗಡಿಗೆ ಬಂತು. ಕೆಲಸ ಹುಡುಕುವ ಮಕ್ಕಳೆಲ್ಲ ರೆಸ್ಯೂಮ್ ಫೋಟೋಗೆ ಅದನ್ನೇ ತೊಡುತ್ತಿದ್ದರು. ಕಡ್ಡಿಯಂಥ ಹುಡುಗಿಗೂ ಸರಿ, ಗುಂಡಣ್ಣನಿಗೂ ಸರಿ. ಹೆಚ್ಚಾದ ಬಟ್ಟೆಯನ್ನೆಲ್ಲ ಬೆನ್ನ ಹಿಂದಕ್ಕೆ ಎಳೆದು, ಟಪ್ ಟಪ್ ಎಂದು ಕ್ಲಿಪ್ಪು ಹಾಕಿದರೆ ಮುಗಿಯಿತು.

"ಮುಂದಿಂದ ಮೇನೇಜರು, ಇಂದ್ಗಡೆಯಿಂದ ಮುಳ್ಳಂದಿ. ಅಲ್ಲಾಡ್ಬ್ಯಾಡ ಮಗಾ," ಎಂದು ಹೇಳಿ ಕ್ಯಾಮೆರಾ ಒತ್ತುತ್ತಿದ್ದರು.

ಎಲ್ಲರೂ ಆಕೆಯನ್ನು ಜೆರಾಕ್ಸ್ ಅಕ್ಕ ಎನ್ನುತ್ತಿದ್ದರು. ನನಗಿಂತ ಹನ್ನೆರಡು ವರ್ಷ ಚಿಕ್ಕವರು, ಆದರೂ ನನಗೂ ಅಕ್ಕನೇ. ಅಲ್ಲಿಯ ಮೂಲ ಊರಿನವರು. ಪವರ್ ಪ್ರೆಸ್ ಶೆಡ್ಡು ನಿಂತಿರುವಲ್ಲಿ ಅವರ ಮಾವನ ಕಾಲದಲ್ಲಿ ರಾಗಿ ಹೊಲ ಇತ್ತಂತೆ. ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರಗಳು ಗೊತ್ತು, ಅರ್ಥ ಗೊತ್ತಿಲ್ಲ. ಒಂದೊಂದೇ ಕೀಲಿಯನ್ನು ಹುಡುಕಿ ಒತ್ತುತ್ತಿದ್ದರು. ಆದರೆ ರೆಸ್ಯೂಮಿನ ಆಕಾರ ಮಾತ್ರ ಬಾಯಿಪಾಠ. ದೂರದಿಂದ ನೋಡಿಯೇ, "ನಡುವೆ ಒಂದ್ ಗೆರೆ ಬಿಟ್ಟೋಗೈತೆ," ಎಂದುಬಿಡುತ್ತಿದ್ದರು.

ನಾನು ಅಲ್ಲಿಗೆ ಮೊದಲು ಹೋಗಿದ್ದು ಬದುಕಿದ್ದೇನೆಂದು ಸಾಬೀತು ಮಾಡಲು. ನಗಬೇಡಿ, ಪ್ರತಿ ನವೆಂಬರಿನಲ್ಲಿ ನಮ್ಮಂಥ ಪೆನ್ಷನ್ ವಿಧವೆಯರು ಲೈಫ್ ಸರ್ಟಿಫಿಕೇಟ್ ಕೊಡಬೇಕು. ನನ್ನ ಯಜಮಾನರು ಸರ್ಕಾರಿ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವರು. ಅವರು ತೀರಿಕೊಂಡು ಒಂದು ವರ್ಷವಾಗಿತ್ತು. ನನಗೆ ಅರವತ್ತನಾಲ್ಕು. ಕೈಯಲ್ಲಿ ನನ್ನ ಹಳೆಯ ಫೈಲು. ಅದರಲ್ಲಿ ಪೆನ್ಷನ್ ಕಾಗದಗಳ ಕೆಳಗೆ ನನ್ನ ಬಿ.ಎ. ಡಿಗ್ರಿ, ಇಂಗ್ಲಿಷ್ ಮೇಜರ್, ಫಸ್ಟ್ ಕ್ಲಾಸ್. ಅದಕ್ಕೂ ಕೆಳಗೆ ಹಳದಿಯಾದ ಒಂದು ಇಂಟರ್‌ವ್ಯೂ ಪತ್ರ.

ಆ ಪತ್ರದ ಕಥೆ ಚಿಕ್ಕದು. ರಿಸಲ್ಟ್ ಬಂದ ಮೇಲೆ ಮನೆಯಲ್ಲಿ ಯಾರಿಗೂ ಹೇಳದೆ ಇಪ್ಪತ್ತು ಅರ್ಜಿ ಹಾಕಿದ್ದೆ. ಒಂದೇ ಒಂದು ಕಡೆಯಿಂದ ಕರೆ ಬಂತು. ಕರೆದ ದಿನವೇ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. "ಮದುವೆ ಆದ್ಮೇಲೆ ಅವ್ರು ಬೇಕಾದ್ರೆ ಕಳಿಸ್ತಾರೆ ಬಿಡಮ್ಮ," ಎಂದರು ಅಪ್ಪ. ಮದುವೆಯಾದ ಮೇಲೆ ಅವರು, "ನಿಂಗ್ಯಾಕೆ ಆ ಕಷ್ಟ," ಎಂದರು. ಪಾಪ, ಪ್ರೀತಿಯಿಂದಲೇ ಅಂದಿದ್ದು. ಆದರೆ ಫ್ರ್ಯಾಂಕ್ಲಿ, ಆ ಪತ್ರವನ್ನು ಎಸೆಯಲು ನನ್ನಿಂದ ಆಗಿರಲಿಲ್ಲ.

ಅವತ್ತು ನನ್ನ ಮುಂದೆ ಕ್ಯೂನಲ್ಲಿ ಒಬ್ಬ ಡಿಪ್ಲೊಮಾ ಯುವಕ ನಿಂತಿದ್ದ. ಇನ್ನಷ್ಟು ಜೆರಾಕ್ಸ್ ಮಾಡಿಸಲು ತಂದಿದ್ದ ಅವನ ರೆಸ್ಯೂಮಿನ ಮೇಲೆ ನನ್ನ ಕಣ್ಣು ಬಿತ್ತು. ಅಕ್ಷರ ಕಂಡರೆ ಸುಮ್ಮನಿರಲಾಗದ ಚಾಳಿ, ಕಾನ್ವೆಂಟಿನಿಂದ ಬಂದದ್ದು. ಫೋಟೋ ಕೆಳಗೆ ಒಂದು ಇನಿಷಿಯಲ್, ತಂದೆಯ ಹೆಸರಿಗೆ ಬೇರೆಯೇ ಇನಿಷಿಯಲ್.

"ಏನಪ್ಪಾ, ಇದು ನಿಮ್ಮ ತಂದೆ ಹೆಸರೇನಾ?" ಎಂದೆ.

ಅವನು ಬಗ್ಗಿ ನೋಡಿದ. "ಅಯ್ಯೋ! ಇದು ನನ್ ಕ್ಲಾಸ್‌ಮೇಟ್ ಅಪ್ಪನ್ ಹೆಸ್ರು ಆಂಟಿ. ನನ್ಗಿಂತ ಮುಂಚೆ ಅವ್ನೇ ಇಲ್ಲಿ ಮಾಡಿಸ್ಕೊಂಡು ಹೋಗಿದ್ದು."

ಅಕ್ಕನ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಅವರ ಪದ್ಧತಿ ಹಾಗಿತ್ತು. ಕಂಪ್ಯೂಟರಿನಲ್ಲಿ ಒಂದೇ ಒಂದು ರೆಸ್ಯೂಮು. ಬಂದವರದೆಲ್ಲ ಅದರ ಮೇಲೆಯೇ ತಿದ್ದಿ ಬರೆಯುವುದು. ಹೆಸರು ಬದಲಾಗುತ್ತಿತ್ತು, ಫೋಟೋ ಬದಲಾಗುತ್ತಿತ್ತು, ಅಪ್ಪಂದಿರು ಮಾತ್ರ ಒಮ್ಮೊಮ್ಮೆ ಉಳಿದುಬಿಡುತ್ತಿದ್ದರು.

"ಎಷ್ಟ್ ಕಂಪ್ನಿಗೆ ಕೊಟ್ಟೆ ಮಗಾ?" ಅಕ್ಕ ಮೆಲ್ಲಗೆ ಕೇಳಿದರು.

"ಹನ್ನೊಂದು."

"ಅಯ್ ಶಿವ್ನೆ. ಅನ್ನೊಂದು ಕಂಪ್ನೀಲೂ ನಿಮ್ಮಪ್ಪನ್ನ ಬದ್ಲಾಯಿಸ್ಬುಟ್ನಲ್ಲೋ!"

ಯುವಕ ನಕ್ಕುಬಿಟ್ಟ. ಅಕ್ಕ ನಗಲಿಲ್ಲ. ಎದ್ದು ನನ್ನ ಫೈಲು ತೆಗೆದುಕೊಂಡು, ಕೇಳದೆಯೇ ತಿರುವಿದರು. ಡಿಗ್ರಿ ಕಂಡಿತು. ಹಳದಿ ಪತ್ರವೂ ಕಂಡಿತು. ಅದುವರೆಗೆ ಯಾರಿಗೂ ಹೇಳದ ಮಾತನ್ನು, ಗುರುತು ಪರಿಚಯವಿಲ್ಲದ ಆ ಹೆಂಗಸಿಗೆ, ಜೆರಾಕ್ಸ್ ಮಷೀನಿನ ಬಿಸಿಗಾಳಿಯಲ್ಲಿ ನಿಂತು ಹೇಳಿದೆ. "ಒಂದು ದಿನಾನಾದ್ರೂ ಕೆಲ್ಸಕ್ಕೆ ಹೋಗ್ಬೇಕು ಅಂತಿತ್ತು. ಆಗ್ಲಿಲ್ಲ."

"ನಾಳೆಯಿಂದ ಬನ್ನಿ ಮೇಡಂ," ಎಂದರು ಅಕ್ಕ.

"ಬರ್ತೀನಿ, ಬಿಡುವಿದ್ದಾಗ ಹೆಲ್ಪ್ ಮಾಡ್ತೀನಿ."

"ಎಲ್ಪು ಬ್ಯಾಡ. ಎಲ್ಪ್ ಅಂದ್ರೆ ನಾಳೆ ಬರ್ದೇ ಇರ್ಬೋದು. ಕೆಲ್ಸ ಅಂದ್ರೆ ಬರ್ಬೇಕು."

ಮರುದಿನ ಹತ್ತು ಗಂಟೆಗೆ ಸರಿಯಾಗಿ ಹೋದೆ. ಅಕ್ಕ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಮೈಸೂರು ಸಿಲ್ಕ್ ಸೀರೆಯ ಮೇಲೆ ಆ ಕೋಟು ತೊಡಿಸಿದರು. ನಾಲ್ಕು ಕ್ಲಿಪ್ಪು ಸಾಕಾಯಿತು, ನಾನು ಆಗ ಸ್ವಲ್ಪ ದಪ್ಪಗಿದ್ದೆ. "ಎಕ್ಸ್‌ಪೀರಿಯನ್ಸು?" ಎಂದರು, ಗಂಭೀರವಾಗಿ. ಇಲ್ಲ ಎಂದೆ. "ಅಂಗಾದ್ರೆ ಫ್ರೆಷರ್ ಅಂತ ಆಕಿ." ನನ್ನ ರೆಸ್ಯೂಮನ್ನು ನಾನೇ ಟೈಪ್ ಮಾಡಿದೆ. ಅಕ್ಕ ಅದನ್ನು ಮಾರು ದೂರದಲ್ಲಿ ಹಿಡಿದು, ಆಕಾರ ನೋಡಿ, "ಪಾಸು," ಎಂದರು.

ಸಂಜೆ ನನಗೊಂದು ಅಪಾಯಿಂಟ್‌ಮೆಂಟ್ ಆರ್ಡರ್ ಸಿಕ್ಕಿತು. ಯಾವುದೋ ಕಾರ್ಖಾನೆಯವರು ಪ್ರಿಂಟಿಗೆಂದು ತಂದಿದ್ದ ಪತ್ರದ ಮೇಲೆಯೇ ಅಕ್ಕ ನನ್ನ ಹೆಸರನ್ನು ತಿದ್ದಿದ್ದರು. ಅದರ ಪ್ರಕಾರ ನನಗೆ ವರ್ಷಕ್ಕೆ ಒಂದು ಜೊತೆ ಸೇಫ್ಟಿ ಶೂ, ಎರಡು ಜೊತೆ ಖಾಕಿ ಸಮವಸ್ತ್ರ. ಕೆಲಸ ಬಿಡುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು. ಬಸ್ಸಿನಲ್ಲಿ ಕೂತು ಅದನ್ನು ಓದಿ ನಕ್ಕೆ. ಇಳಿಯುವ ಹೊತ್ತಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಆಮೇಲಿನ ದಿನಗಳು, ಓಹ್, ಎಂಥ ದಿನಗಳು! ಬೆಳಿಗ್ಗೆ ಚಿಕ್ಕಬಾಣಾವರದ ಮನೆಯಿಂದ ಬಸ್ಸು. ಪಕ್ಕದ ಶೆಡ್ಡಿನ ಪ್ರೆಸ್ಸು ಧಡ್ ಎಂದಾಗಲೆಲ್ಲ ನನ್ನ ಟೇಬಲ್ಲು ಅದುರುತ್ತಿತ್ತು. ಹನ್ನೊಂದಕ್ಕೆ ಇಬ್ಬರಿಗೂ ಸೇರಿ ಒಂದು ಬೈಟು ಕಾಫಿ. ಅಕ್ಕ ತಮ್ಮ ಲೋಟದಿಂದ ಒಂದು ಗುಟುಕು ಹೆಚ್ಚೇ ನನ್ನ ಲೋಟಕ್ಕೆ ಸುರಿಯುತ್ತಿದ್ದರು. "ಓದ್ದೋರ್ಗೆ ತಲೆ ಜಾಸ್ತಿ ನೋಯ್ತದೆ," ಎಂಬ ಸಮಜಾಯಿಷಿ ಬೇರೆ. ನಾನು ಎಲ್ಲರ ಸ್ಪೆಲ್ಲಿಂಗ್ ತಿದ್ದಿದೆ, ಎಲ್ಲ ಅಪ್ಪಂದಿರನ್ನೂ ಅವರವರ ಮಕ್ಕಳಿಗೆ ಒಪ್ಪಿಸಿದೆ.

ಆಗ ಬಂದಳು ಒಬ್ಬ ಹುಡುಗಿ. ಮಾದನಾಯಕನಹಳ್ಳಿಯವಳು, ಬಿ.ಎಸ್ಸಿ. ಕೆಮಿಸ್ಟ್ರಿ. ಮುಗಿಸಿ ಎರಡು ವರ್ಷವಾದರೂ ಕೆಲಸವಿಲ್ಲ. ಲೋಹದ ಬಿಡಿಭಾಗಗಳಿಗೆ ಲೇಪನ ಹಾಕುವ ಒಂದು ಪ್ಲೇಟಿಂಗ್ ಕಾರ್ಖಾನೆಯ ಲ್ಯಾಬಿನಲ್ಲಿ ಜಾಗ ಖಾಲಿ ಇದೆಯೆಂದು ಕೇಳಿ ಬಂದಿದ್ದಳು. "ಯುಗಾದಿ ಒಳಗೆ ಕೆಲ್ಸ ಸಿಗ್ಲಿಲ್ಲ ಅಂದ್ರೆ ಗಂಡು ನೋಡ್ತಾರೆ ಆಂಟಿ," ಎಂದಳು, ಕರ್ಚೀಫನ್ನು ಬೆರಳಿಗೆ ಸುತ್ತುತ್ತ.

ನನ್ನ ಹಳದಿ ಪತ್ರ ನೆನಪಾಯಿತು. ಇವಳಿಗೆ ಕೆಲಸ ಕೊಡಿಸಿಯೇ ತೀರಬೇಕೆಂದುಕೊಂಡೆ. ಎರಡು ದಿನ ಕೂತು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಬರೆದೆ. ಎಂಥ ಇಂಗ್ಲಿಷ್! ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. "ಎ ಮೆಟಿಕ್ಯುಲಸ್ ಅಂಡ್ ಪರ್ಸಿವಿಯರಿಂಗ್ ಯಂಗ್ ಸೈಂಟಿಸ್ಟ್" ಎಂದೇ ಶುರು. ಹುಡುಗಿ ಕಣ್ಣರಳಿಸಿ ನೋಡಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು.

ಇಂಟರ್‌ವ್ಯೂ ಮುಗಿಸಿ ಮಧ್ಯಾಹ್ನ ಬಂದವಳು ಸ್ಟೂಲಿನ ಮೇಲೆ ಕುಸಿದಳು. "ಮೊದಲ್ನೇ ಪ್ರಶ್ನೆನೇ, ಮೆಟಿಕ್ಯುಲಸ್ ಅಂದ್ರೆ ಏನಮ್ಮ ಅಂತ ಕೇಳಿದ್ರು ಆಂಟಿ. ನಂಗ್ ಗೊತ್ತಿರ್ಲಿಲ್ಲ. ನಿನ್ ರೆಸ್ಯೂಮ್ ನಿಂಗೇ ಗೊತ್ತಿಲ್ವಾ ಅಂದ್ರು. ಆಮೇಲೆ ಬರೋದೆಲ್ಲ ಮರ್ತೋಯ್ತು."

ಪ್ರೆಸ್ಸು ಎರಡು ಸಲ ಬಡಿಯಿತು. ಅಕ್ಕ ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ, ಅದೇ ಹೆಚ್ಚು ನೋಯಿಸಿತು.

"ಮೇಡಂ, ನಾನು ಅಪ್ಪನ್ನ ಬದ್ಲಾಯಿಸ್ತಿದ್ದೆ. ನೀವು ಮಗೀನೇ ಬದ್ಲಾಯಿಸ್ಬುಟ್ರಿ. ಇದ್ರಾಗೆ ಇರೋದು ನೀವು. ಆ ಮಗು ಎಲ್ಲೈತೆ?"

ನಿಜ. ಅದು ನನ್ನ ಅರ್ಜಿ. ನಲವತ್ತು ವರ್ಷದ ಹಿಂದೆ ಕಳಿಸಲಾಗದ್ದನ್ನು ಬೇರೆಯವರ ಹೆಸರಿನಲ್ಲಿ ಕಳಿಸಿದ್ದೆ. ಬ್ಯಾಗು ಎತ್ತಿಕೊಂಡೆ. "ನಾಳೆಯಿಂದ ಬರಲ್ಲ ಅಕ್ಕ. ನನ್ನಿಂದ ಇನ್ನೊಬ್ಬರಿಗೆ ಹೀಗಾಗೋದು ಬೇಡ."

"ಎಲ್ಗೆ ಓಯ್ತೀರಿ? ಕಾಗ್ದ ನೋಡ್ಕಳಿ. ಒಂದ್ ತಿಂಗ್ಳು ನೋಟಿಸು ಐತೆ."

ಅಳುತ್ತಿದ್ದ ಹುಡುಗಿಯೇ ಮೊದಲು ನಕ್ಕಿದ್ದು. ನನ್ನ ಬ್ಯಾಗನ್ನು ಅಕ್ಕ ಕಿತ್ತುಕೊಂಡು ಮಷೀನಿನ ಮೇಲಿಟ್ಟರು. ಹುಡುಗಿಯ ಮುಂದೆ ಕಾಲು ಮಡಚಿ ನೆಲದ ಮೇಲೆ ಕೂತರು.

"ಇಂಗ್ಲೀಸ್ ಬ್ಯಾಡ. ನಂಗ್ ಯೋಳು. ಕಾಲೇಜ್ನಾಗೆ ಏನ್ ಮಾಡ್ತಿದ್ದೆ?"

"ಟೈಟ್ರೇಷನ್ ಅಕ್ಕ. ದ್ರಾವಣನ ಹನಿ ಹನಿಯಾಗಿ ಬಿಟ್ಟು, ಬಣ್ಣ ತಿರುಗೋ ಹೊತ್ಗೆ ನಿಲ್ಲಿಸ್ಬೇಕು."

"ಒಂದ್ ಅನಿ ಜಾಸ್ತಿ ಬಿದ್ರೆ?"

"ಹೋಯ್ತು, ಮತ್ತೆ ಮೊದ್ಲಿಂದ. ಎಲ್ರೂ ಎರಡು ಸಲ ಮಾಡಿ ಬರ್ಕೊಂಬಿಡೋರು. ನಾನು ರೀಡಿಂಗ್ ಒಂದೇ ಸಮ ಬರೋವರ್ಗೂ ಬಿಡ್ತಿರ್ಲಿಲ್ಲ. ಲ್ಯಾಬ್ ಅಟೆಂಡರ್ ಬೀಗ ಹಿಡ್ಕೊಂಡು ಬೈಯೋರು."

ನಾನು ಕೂಗಿಬಿಟ್ಟೆ. "ಅದೇ ಕಣಮ್ಮಾ ಮೆಟಿಕ್ಯುಲಸ್ ಅಂದ್ರೆ!"

ಹುಡುಗಿ ಬಾಯಿ ತೆರೆದು ನನ್ನನ್ನೇ ನೋಡಿದಳು. ಅಕ್ಕ ಹೇಳಿದರು, "ಆ ದೊಡ್ ಮಾತು ತಗೀರಿ. ಅವ್ಳು ಯೋಳಿದ್ದೇ ಬರೀರಿ."

ಹಾಗೇ ಬರೆದೆವು. ಅವಳು ಹೇಳಿದ್ದನ್ನು ಅವಳಿಗೆ ಬರುವ ಇಂಗ್ಲಿಷಿನಲ್ಲಿ ಅವಳೇ ಬರೆದಳು. ನಾನು ಕಾಮಾಗಳನ್ನಷ್ಟೇ ಮುಟ್ಟಿದೆ. ಒಂದೇ ಪುಟ. ಆ ಕಾರ್ಖಾನೆಗೆ ಎರಡನೇ ಸಲ ಹೋಗಲು ಅವಳಿಗೆ ನಾಚಿಕೆ. ಅಕ್ಕ ಅಂಗಡಿಯ ಶಟರ್ ಅರ್ಧ ಎಳೆದು ತಾವೇ ಗೇಟಿನವರೆಗೆ ಹೋದರು. ಅಲ್ಲಿಯ ವಾಚ್‌ಮನ್ ಅವರ ಊರಿನವನೇ. "ನಮ್ಮೂರ್ ಒಲದ್ ಮೇಲೆ ಕಾರ್ಖಾನೆ ಕಟ್ಟವ್ರೆ, ಒಂದ್ ಮಗೀಗೆ ಎರಡ್ ಸಲ ಒಳೀಕ್ ಬಿಡಕ್ಕಾಗಲ್ವಾ?" ಎಂದರಂತೆ. ಅವನು ಒಳಗೆ ಬಿಟ್ಟ. ಈ ಸಲ ಲ್ಯಾಬಿನ ದೊಡ್ಡವರು ರೆಸ್ಯೂಮ್ ಓದಿ, ಪ್ರಶ್ನೆ ಕೇಳದೆ ಅವಳ ಕೈಗೆ ದ್ರಾವಣ ಹನಿಸುವ ಬ್ಯೂರೆಟ್ಟನ್ನೇ ಕೊಟ್ಟರಂತೆ. ಮೂರು ಸಲ ಮಾಡಿದಳಂತೆ. ಅವರು ಸಾಕು ಎಂದ ಮೇಲೂ ನಾಲ್ಕನೆಯದು.

ಯುಗಾದಿಗೆ ಹನ್ನೆರಡು ದಿನ ಮೊದಲು ಅವಳು ಕೆಲಸಕ್ಕೆ ಸೇರಿದಳು. ಸೇಫ್ಟಿ ಶೂ ಹಾಕಿಕೊಂಡೇ ಅಂಗಡಿಗೆ ಬಂದು ನಮ್ಮಿಬ್ಬರಿಗೂ ತೋರಿಸಿದಳು. ಅಕ್ಕ ನನ್ನ ಚಪ್ಪಲಿ ನೋಡಿ, "ನಿಮ್ದಿನ್ನೂ ಬಂದಿಲ್ಲ, ಆರ್ಡರ್ ಆಕಿವ್ನಿ," ಎಂದರು. ಆರು ವರ್ಷ ಆ ಜೋಕು ಹಳೆಯದಾಗಲಿಲ್ಲ.

ಆರು ವರ್ಷ ನಾನು ಕೆಲಸಕ್ಕೆ ಹೋದೆ. ಹೀಗೆ ಬರೆಯುವುದೇ ಒಂದು ಸುಖ. ನನ್ನ ಫೈಲಿನಲ್ಲಿ ಈಗ ಆ ಹಳದಿ ಪತ್ರದ ಮೇಲೆ ಖಾಕಿ ಸಮವಸ್ತ್ರದ ಆರ್ಡರ್ ಇದೆ. ಅಕ್ಕ ಹೋಗಿ ಒಂದು ವರ್ಷವಾಯಿತು. ಹೊಟ್ಟೆಯಲ್ಲಿ ಗಡ್ಡೆ ಎಂದರು, ಆಪರೇಷನ್ ಎಂದರು. ಆಪರೇಷನ್ ಆದ ಮೂರನೆಯ ದಿನ ಬೆಳಿಗ್ಗೆ ಫೋನು ಬಂತು. ನಾನು ಆಗ ಅಂಗಡಿಯ ಕಸ ಗುಡಿಸುತ್ತಿದ್ದೆ.

ನಾನು ಆಕೆಯನ್ನು ಕಡೆಯ ಸಲ ನೋಡಿದ್ದು ಆಸ್ಪತ್ರೆಗೆ ಹೊರಟ ದಿನ. ಅಲ್ಲಿ ಯಾವುದೋ ಕಾರ್ಡಿಗೆ ಎರಡು ಫೋಟೋ ಬೇಕಿತ್ತು. ಸಾವಿರಾರು ಮಕ್ಕಳ ಫೋಟೋ ತೆಗೆದವರು ಆ ಸ್ಟೂಲಿನ ಮೇಲೆ ತಾವು ಒಮ್ಮೆಯೂ ಕೂತಿರಲಿಲ್ಲ. ಅವತ್ತು ಕೂತರು. ಮೊಳೆಯ ಕಡೆ ಕೈ ತೋರಿಸಿ, "ನಂಗೂ ಆಕಿ ಮೇಡಂ. ನಾನೂ ಒಂದ್ ಸಲ ಮೇನೇಜರ್ ಆಗ್ತೀನಿ," ಎಂದರು.

ತೊಡಿಸಿದೆ. ಆಕೆಯ ಸೆರಗಿನಿಂದಲೇ ಒಂದೊಂದಾಗಿ ತೆಗೆದು ಬೆನ್ನಿಗೆ ಹಾಕುತ್ತ ಹೋದೆ. ಟಪ್, ಟಪ್. ನಾಲ್ಕು ಸಾಲಲಿಲ್ಲ. ಎಂಟು ಸಾಲಲಿಲ್ಲ. ಅಷ್ಟು ಇಳಿದುಹೋಗಿದ್ದರು. ಹನ್ನೊಂದನೆಯದಕ್ಕೆ ಕೋಟು ಭುಜದ ಮೇಲೆ ನಿಂತಿತು. ಕ್ಯಾಮೆರಾ ಅಲುಗಿ ಮೊದಲನೆಯ ಫೋಟೋ ಕೆಟ್ಟಿತು. "ಅಲ್ಲಾಡ್ಬ್ಯಾಡಿ ಮೇಡಂ," ಎಂದರು ಆಕೆ, ಸ್ಟೂಲಿನ ಮೇಲಿಂದ.

ಆಟೋ ಬಂದಿತ್ತು. ಕೋಟು ಬಿಚ್ಚಿ ಮೊಳೆಗೆ ಹಾಕಿದೆ, ಕ್ಲಿಪ್ಪುಗಳನ್ನು ಸೆರಗಿಗೆ ಮರಳಿ ಸಿಕ್ಕಿಸಲು ಹೋದೆ. ಬೇಡವೆಂದು ನನ್ನ ಕೈ ಹಿಡಿದು, ನನ್ನ ಸೆರಗಿನ ಅಂಚಿಗೆ ತಾವೇ ಒಂದೊಂದಾಗಿ ಹಾಕಿದರು. "ನಾಳೆ ಬೇಗ ಬನ್ನಿ. ಕಾಲೇಜ್ ರಿಸಲ್ಟ್ ಬಂದೈತೆ, ಮಕ್ಳು ಜಾಸ್ತಿ ಬತ್ತವೆ."

ಆಟೋ ಮೆಟ್ರೋ ಕಂಬಗಳ ಕಡೆಗೆ ತಿರುಗುವವರೆಗೆ ಮೆಟ್ಟಿಲ ಮೇಲೆ ನಿಂತಿದ್ದೆ. ಆಕೆ ಒಂದು ಸಲ ಹೊರಗೆ ಬಗ್ಗಿ ನೋಡಿದರು. ನನ್ನನ್ನಲ್ಲ, ನನ್ನ ಹಿಂದೆ ನಿಂತಿದ್ದ ಕ್ಯೂವನ್ನು. ಒಳಗೆ ಹೋಗಿ ಎಂಬಂತೆ ಕೈ ಬೀಸಿದರು. ನಾನು ಒಳಗೆ ನಡೆದೆ. ನಡೆದಂತೆಲ್ಲ ಕಿಣಿಕಿಣಿ ಎನ್ನುತ್ತಿತ್ತು.