ಬೆಣ್ಣೆ ತೆಗೆದ ನೀರು

ಸ್ವಲ್ಪ ತಡೀರಿ, ಇದನ್ನ ಕೇಳೋವರ್ಗೂ ಪುಟ ತಿರುಗಿಸ್ಬೇಡಿ. ನಮ್ಮ ದೊಡ್ಡವ್ವನಿಗೆ ನಾನು ಒಂದು ಸುಳ್ಳು ಹೇಳಿದ್ದೆ. ತಮಾಷೆಗೆ. ಸಾಯೋವರ್ಗೂ ಅವಳು ಅದನ್ನ ನಂಬಿದ್ಲು — ನಾನು ನಂಬೋಕೆ ಬಿಟ್ಟೆ.

ತೊಂಬತ್ತರ ದಶಕದ ಶುರು. ಉಮ್ಮತ್ತೂರಲ್ಲಿ ನನಗೆ ‘ಕರೆಂಟ್ ಕುಮಾರ’ ಅಂತಲೇ ಹೆಸರು. ಕರೆಂಟ್ ಕೆಲಸ ಯಾರೂ ಕಲಿಸಿದ್ದಲ್ಲ. ಚಾಮರಾಜನಗರದ ಲೈಬ್ರರಿ ಪುಸ್ತಕ, ಒಂದು ಹಳೇ ಸೈಕಲ್ ಡೈನಮೋ, ಅಷ್ಟೇ. ದೊಡ್ಡಪ್ಪ ತೀರಿಕೊಂಡಾಗ ಬೂದಿ ಬಿಡೋಕೆ ಕಾವೇರಿಗೆ ಹೋದ್ವಿ, ಪವರ್‌ಹೌಸಿನ ಕೆಳಗಡೆ. ಬಿಟ್ಟಾಯ್ತು. ಗುಡ್ಡದಿಂದ ಪವರ್‌ಹೌಸಿಗೆ ನೀರು ಇಳಿಸೋ ಆ ದಪ್ಪ ಪೈಪ್ ನೋಡಿದ್ದೇ ತಡ, ನನ್ನ ಬಾಯಿ ನಿಲ್ಲಲಿಲ್ಲ. ಮುಂಚೆ ನೀರಿನ ಚಕ್ರದಲ್ಲಿ ಹಿಟ್ಟು ಬೀಸ್ತಿದ್ರು, ಆಮೇಲೆ ಅದೇ ಚಕ್ರಕ್ಕೆ ಆಯಸ್ಕಾಂತ, ತಾಮ್ರದ ತಂತಿ ಸೇರಿಸಿ ಕರೆಂಟ್ ತೆಗೆದ್ರು, ನನ್ನ ಡೈನಮೋನೇ ದೊಡ್ಡದು ಮಾಡಿದಂಗೆ...

ದೊಡ್ಡವ್ವ ಕೇಳಿದ್ಲು, “ಅಲ್ಲ ಕಣ್ ಮಗ, ಕರೆಂಟ್ ತಗುದ್ ಮೇಲೆ ನೀರ್ಗೆ ಸತ್ವ ಇದ್ದದಾ?”

“ಎಲ್ಲಿ ಸತ್ವ? ಬೆಣ್ಣೆ ತಗುದ್ ಮಜ್ಜಿಗೆ ಕಣ್ ದೊಡ್ಡವ್ವ!”

“ಆ ಬೆಣ್ಣೆಯ ನೀನೇ ತಿಂದ್ಯೇನ್ಲಾ?” ಅಂದ ನಮ್ಮಣ್ಣ. ಎಲ್ಲರೂ ನಕ್ಕರು. ದೊಡ್ಡವ್ವ ಒಬ್ಬಳು ಬೂದಿಯ ಖಾಲಿ ಮಡಕೆ ಹಿಡ್ಕೊಂಡು ನೀರನ್ನೇ ನೋಡ್ತಾ ನಿಂತಿದ್ಲು.

ಅವತ್ತಿಂದ ಸಂಜೆ ಆದ್ರೆ ಹೊಸಿಲ ಹೊರಗೆ ಒಂದು ಚೊಂಬು ಬಾವಿ ನೀರು ಇಡೋಳು. “ನಿಮ್ ದೊಡ್ಡಪ್ಪ ಬಾಯಾರ್ಕೆ ಅಂತ ಬತ್ತರೆ ಕಣ್ ಮಗ. ಸತ್ವ ಇಲ್ದ ನೀರ್ಗೆ ಬುಟ್ಬುಟ್ವಲ್ಲ... ದಾರಿ ಸಿಕ್ಕಿಲ್ಲ.”

ನನಗೆ ಗೊತ್ತಿತ್ತು. ಚಕ್ರ ತಗೊಳ್ಳೋದು ನೀರು ಬೀಳೋ ರಭಸ ಮಾತ್ರ. ನೀರು ಹಂಗೇ ಹೊರಗೆ ಬರುತ್ತೆ. ಇದೊಂದು ಮಾತು ಸಾಕಿತ್ತು — ಆದ್ರೆ ಕರೆಂಟ್ ಕುಮಾರ ಸುಳ್ಳು ಹೇಳ್ದ ಅಂತಾಗುತ್ತಲ್ಲ... ದಿನಾ ಆ ಚೊಂಬು ದಾಟ್ಕೊಂಡೇ ಓಡಾಡಿದೆ.

ಸಾಯೋ ಮುಂಚೆ ನನ್ನನ್ನೇ ಕರೆದ್ಲು. “ನನ್ ಬೂದಿಯ ಕರೆಂಟ್ ತಗಿಯದೆ ಇರ ನೀರ್ಗೆ ಬುಡು ಮಗ. ಜಾಗ ನಿಂಗೊತ್ತಲ್ಲ.”

ಪವರ್‌ಹೌಸಿನ ಮೇಲ್ಗಡೆ ಬಿಟ್ಟೆ. ನೀರು ಅವಳನ್ನ ಕರ್ಕೊಂಡು ಪೈಪ್ ಕಡೆಗೇ ಹೊರಟಿತು — ಚಕ್ರ ದಾಟಿ, ದೊಡ್ಡಪ್ಪನ್ನ ಬಿಟ್ಟ ಜಾಗಕ್ಕೇ. ಅದೂ ನನಗೆ ಗೊತ್ತಿತ್ತು. ಅದನ್ನೂ ಹೇಳಿರಲಿಲ್ಲ.

ಈಗಲೂ ಸ್ವಿಚ್ ಒತ್ತಿದಾಗ ಬಾಗಿಲಾಚೆ ಯಾರೋ ಚೊಂಬು ಇಟ್ಟ ಸದ್ದು ಕೇಳುತ್ತೆ. ಹೋಗಿ ನೋಡ್ತೀನಿ. ಇರಲ್ಲ. ಆಮೇಲೆ ನಾನೇ ಒಂದು ಚೊಂಬು ಇಟ್ಟು ಬರ್ತೀನಿ.

ನೀವೂ ತಿಳಿದವರ ಹಂಗೆ ಏನೋ ಹೇಳಿಬಿಟ್ಟಿದ್ದನ್ನೇ ನಂಬಿ ಯಾರಾದ್ರೂ ಬದುಕಿದ್ರಾ? ಬರೀರಿ ನನಗೆ. ಆದ್ರೆ ಅವರಿನ್ನೂ ಇದ್ರೆ — ಮೊದಲು ಹೋಗಿ ಅವರಿಗೆ ನಿಜ ಹೇಳಿ ಬನ್ನಿ.